ರಾಮೇಶ್ವರದ ದಂಡೆಯಲ್ಲಿ ಬಿದ್ದಿದ್ದು ಪಾಚಿನಾ?

ಸರ್, ರಾಮೇಶ್ವರದ ದಂಡೆಯಲ್ಲಿ ರಿಬ್ಬನ್ ಥರದ ಎಲೆ ರಾಶಿ ಬಿದ್ದಿತ್ತು, ಅದು ಪಾಚಿನಾ ಅಂತ ಕೇಳಿದ್ದೀರಿ. ನೀವು ಹೇಳಿದ ಆಕಾರ ನೋಡಿದರೆ ಅದು ಸೀಗ್ರಾಸ್, ಅಂದರೆ ಕಡಲಹುಲ್ಲು. ಪಾಚಿಗೆ ನಿಜವಾದ ಬೇರಿಲ್ಲ. ಇದಕ್ಕೆ ಬೇರು, ಹೂವು, ಬೀಜ ಎಲ್ಲಾ ಇದೆ. ಹೂ ಬಿಡುವುದೂ ಉಪ್ಪುನೀರೊಳಗೇ!

ನಮ್ಮ ಕಲಬುರಗಿ ಕಡೆ ತೊಗರಿ ಹೊಲದಲ್ಲಿ ಕರಕಿ (ಗರಿಕೆ ಹುಲ್ಲು) ಕಿತ್ತು ಸುಸ್ತಾದವರಿಗೆ ಇದರ ಗುಟ್ಟು ಬೇಗ ತಿಳಿಯುತ್ತದೆ. ಕರಕಿಯ ಹಾಗೇ ಕಡಲಹುಲ್ಲಿನ ಕಾಂಡವೂ ಮಣ್ಣೊಳಗೆ ಹರಿದಾಡಿ ಗೆಣ್ಣುಗೆಣ್ಣಿಗೆ ಬೇರು ಬಿಡುತ್ತದೆ, ಕೆಸರನ್ನು ಹಿಡಿದಿಡುತ್ತದೆ. ಎಲೆಗಳು ನೀರಿನ ಓಟ ತಗ್ಗಿಸುತ್ತವೆ, ರಾಡಿ ತಳಕ್ಕೆ ಕೂರುತ್ತದೆ, ನೀರು ತಿಳಿಯಾಗುತ್ತದೆ. ಸಿಗಡಿ, ಮೀನಿನ ಮರಿಗಳು ಅಲ್ಲೇ ಅಡಗಿ ಬೆಳೆಯುತ್ತವೆ. ಕೆಸರಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಸತ್ತ ಬೇರು ಬೇಗ ಕೊಳೆಯುವುದಿಲ್ಲ. ಅದರೊಳಗಿನ ಇಂಗಾಲ ತುಂಬಾ ಕಾಲ ಅಲ್ಲೇ ಹೂತಿರುತ್ತದೆ.

ಡುಗಾಂಗ್ ಅನ್ನೋ ಕಡಲಹಸುವಿಗಂತೂ ಮುಖ್ಯ ಮೇವು ಇದೇ. ಅದಕ್ಕಾಗಿಯೇ 2022ರಲ್ಲಿ ತಮಿಳುನಾಡು ಸರ್ಕಾರ, ತನ್ನ ಕರಾವಳಿಗೂ ಶ್ರೀಲಂಕಾಗೂ ನಡುವಿನ ಪಾಕ್ ಕೊಲ್ಲಿಯ (Palk Bay) 448 ಚದರ ಕಿಲೋಮೀಟರ್ ಜಾಗವನ್ನು ಸಂರಕ್ಷಿತ ಎಂದು ಘೋಷಿಸಿತು. ಆದರೆ ತಳ ಕೆರೆಯುವ ಟ್ರಾಲ್ ಬಲೆ ಬಂದರೆ ಈ ಹುಲ್ಲು ಬುಡಸಮೇತ ಹೋಗುತ್ತದೆ.

ದಂಡೆಗೆ ಬಂದಿದ್ದು ಜಾಸ್ತಿ ಉದುರಿದ ಎಲೆನೇ ಇರುತ್ತದೆ. ಫೋಟೋದಲ್ಲಿ ಗೆಣ್ಣಿರುವ ಕಾಂಡ ಕಂಡರೆ ಇಲ್ಲೇ ಹಾಕಿ, ನೋಡೋಣ.