ಸಂಪಾದಕರ ಉತ್ತರ: ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?

ಅಮ್ಮಾ, ನಮಸ್ಕಾರ. ಹಾಸನದಿಂದ ನೀವು ಬರೆದ ಕಾಗದ ಬಂತು. ಮಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದಾಳೆ, ಮನೇಲಿರೋ ಮೊಮ್ಮಗನ ಅಟ್ಲಾಸ್ ಮೇಲೆ ಸ್ಕೇಲ್ ಇಟ್ಟು ಅಳೆದ್ರೆ ಬೆಂಗಳೂರಿಂದ ಅಲ್ಲಿಗೆ 22 ಸಾವಿರ ಕಿಲೋಮೀಟರ್ ಬರುತ್ತೆ, ಮೊಬೈಲಲ್ಲಿ ನೋಡಿದ್ರೆ 14 ಸಾವಿರ ಅಂತಿದೆ, ಉತ್ತರ ಧ್ರುವದ ಮೇಲೆ ವಿಮಾನ ಹೋಯ್ತು ಅಂತ ಬೇರೆ ಓದಿದ್ದೆ, ಯಾವುದನ್ನ ನಂಬಲಿ ಅಂತ ಕೇಳಿದೀರ.

14 ಸಾವಿರಾನೇ ಸರಿ. ನೀವು ಅಳೆದಿದ್ದು ತಪ್ಪಲ್ಲ, ದುಂಡಗಿರೋ ಭೂಮೀನ ಹಾಳೆ ಮೇಲೆ ಚಪ್ಪಟೆ ಮಾಡಿರೋದೇ ತೊಂದ್ರೆ. ಭೂಮಿ ಸುತ್ತಳತೆ ಸುಮಾರು 40 ಸಾವಿರ ಕಿಮೀ, ಅಂದ್ಮೇಲೆ ಯಾವ ಎರಡು ಊರಿನ ಮಧ್ಯೆನೂ 20 ಸಾವಿರಕ್ಕಿಂತ ಜಾಸ್ತಿ ದೂರ ಇರಕ್ಕಾಗಲ್ಲ, ಆ ಕಡೆಯಿಂದ ಜಾಸ್ತಿ ಆದ್ರೆ ಈ ಕಡೆಯಿಂದ ಕಮ್ಮಿ ಆಗ್ಲೇಬೇಕಲ್ವಾ.

ನಿಮ್ಮ ಕಾಗದ ಓದಿ ನಾನೂ ಆಫೀಸಲ್ಲಿರೋ ಗ್ಲೋಬ್ ಇಳಿಸಿ, ಹೊಲಿಗೆ ದಾರದ ಒಂದು ತುದೀನ ಬೆಂಗಳೂರ ಮೇಲೆ ಹೆಬ್ಬೆರಳಲ್ಲಿ ಒತ್ತಿ ಹಿಡ್ಕೊಂಡು ಇನ್ನೊಂದು ತುದೀನ ಸ್ಯಾನ್ ಫ್ರಾನ್ಸಿಸ್ಕೋಗೆ ಎಳೆದೆ. ಬಿಗಿ ಮಾಡ್ತಾ ಹೋದ ಹಾಗೆ ದಾರ ತಾನಾಗೇ ಮೇಲಕ್ಕೆ ಜಾರಿ ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ, ಅಲಾಸ್ಕಾ ಮೇಲೆ ಕೂತ್ಕೊಳ್ತು! ಅಟ್ಲಾಸಲ್ಲಿ ನಿಮ್ಮ ಸ್ಕೇಲ್ ದಾಟಿ ಹೋದ ಸಹಾರಾನೂ ಇಲ್ಲ, ಅಟ್ಲಾಂಟಿಕ್ಕೂ ಇಲ್ಲ. ಅದೇ ಹತ್ತಿರದ ದಾರಿ. ನೀವೂ ಮೊಮ್ಮಗನ ಕೈಗೆ ದಾರ ಕೊಟ್ಟು ನೋಡಿ, ಅವನಿಗೆ ಜನ್ಮದಲ್ಲಿ ಮರೆಯಲ್ಲ.

ಧ್ರುವದ ಲೆಕ್ಕ ಬಾಯಲ್ಲೇ ಮಾಡಬಹುದು. ಬೆಂಗಳೂರು ಇರೋದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಧ್ರುವ 90ರಲ್ಲಿ, ಅಂದ್ರೆ ಇಲ್ಲಿಂದ ಧ್ರುವಕ್ಕೆ 77 ಡಿಗ್ರಿ, ಧ್ರುವದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಇನ್ನೊಂದು 52, ಒಟ್ಟು 129. ಒಂದು ಡಿಗ್ರಿಗೆ 111 ಕಿಮೀ ಹಿಡಿದ್ರೆ 14,300 ಚಿಲ್ಲರೆ. ಸುತ್ತು ಅಂದ್ಕೊಂಡಿದ್ದು ಬರೀ 300 ಕಿಮೀ ಜಾಸ್ತಿ ಅಷ್ಟೆ. ನೀವು ಓದಿದ್ದು 2021ರ ಜನವರಿದು ಇರಬೇಕು, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತವರ ಜೊತೆ ಪೈಲಟ್‌ಗಳು, ಎಲ್ಲರೂ ಹೆಂಗಸರೇ, ಏರ್ ಇಂಡಿಯಾ ವಿಮಾನಾನ ಅಲ್ಲಿಂದ ಧ್ರುವದ ಮೇಲೆ ಬೆಂಗಳೂರಿಗೆ ತಂದಿಳಿಸಿದ್ರು. ಅದನ್ನ ಓದಿದಾಗ ನಂಗಂತೂ ತುಂಬಾ ಹೆಮ್ಮೆ ಆಗಿತ್ತು.

ಆದ್ರೆ ದಾರ ಹೋದ ಹಾಗೇ ವಿಮಾನ ಹೋಗಲ್ಲ. ಒಳಗಿನ ಗಾಳಿ ಒತ್ತಡ ಕೈಕೊಟ್ರೆ ಪೈಲಟ್ ಬೇಗ 10 ಸಾವಿರ ಅಡಿಗೆ ಇಳಿಸಬೇಕು, ಟಿಬೆಟ್ ನೆಲಾನೇ ಅದಕ್ಕಿಂತ ಎತ್ತರ, ಹಾಗಾಗಿ ಆದಷ್ಟೂ ಆ ಕಡೆ ತಪ್ಪಿಸ್ತಾರೆ. ಆಮೇಲೆ ಗಾಳಿ. ಮೇಲ್ಗಡೆ ಪಶ್ಚಿಮದಿಂದ ಪೂರ್ವಕ್ಕೆ ಬೀಸೋ ಜೆಟ್ ಸ್ಟ್ರೀಮ್ ಬೆನ್ನಿಗೆ ಸಿಕ್ರೆ ದೂರ ಜಾಸ್ತಿ ಆದ್ರೂ ಟೈಮ್ ಉಳಿಯುತ್ತೆ. 2016ರಲ್ಲಿ ದೆಹಲಿ-ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಕಡೆ ತಿರುಗಿದಾಗ ದೂರ 13,900ರಿಂದ 15,300 ಕಿಮೀ ಆಯ್ತು, ಪ್ರಯಾಣ ಮಾತ್ರ ಸುಮಾರು ಎರಡು ಗಂಟೆ ಕಮ್ಮಿ! ಅದಕ್ಕೇ ಟಿಕೆಟ್ ತಗೊಳ್ಳುವಾಗ ಕಿಲೋಮೀಟರ್ ಬಿಟ್ಟು ಎಷ್ಟು ಗಂಟೆ ಅಂತ ಕೇಳಿ.

ಇನ್ನೊಂದು ವಿಷಯ. ಚಳಿಗಾಲದಲ್ಲಿ ಅವರ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಇಲ್ಲಿಂದ ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಕೂತ್ರೂ ನೀವು ಇಳಿಯೋದು ಅಲ್ಲಿನ ಸೋಮವಾರ ಸಂಜೆ 4.30ಕ್ಕೆ. ಏರ್‌ಪೋರ್ಟಿಗೆ ಬಾ ಅಂತ ಮಗಳಿಗೆ ಹೇಳುವಾಗ ಮಂಗಳವಾರ ಅಂದ್ಬಿಡಬೇಡಿ.