ಬಸ್ಸಿನ ಜಗಳ ಮಾತ್ರ ಯಾಕೆ ಸುದ್ದಿಯಾಯಿತು?

ನಿಮ್ಮ ಪ್ರಶ್ನೆ ಇದು: ಹೆಂಗಸರಿಗೆ ಬಸ್ ಪ್ರಯಾಣ ಬಿಟ್ಟಿ ಮಾಡಿದ ಶಕ್ತಿ ಯೋಜನೆ ಬಂದಾಗಿನಿಂದ ಟಿವಿಯಲ್ಲಿ, ವಾಟ್ಸಾಪಿನಲ್ಲಿ ಹೆಂಗಸರು ಸೀಟಿಗಾಗಿ ಜುಟ್ಟು ಹಿಡಿದು ಕಿತ್ತಾಡುವುದನ್ನೇ ನೋಡುತ್ತಿದ್ದೇವೆ. ಇದಕ್ಕೆ ಸ್ತ್ರೀವಾದಿಗಳು ಏನು ಹೇಳುತ್ತಾರೆ? ಓಸಿ ಟಿಕೆಟ್ಟಿಗೂ ಸ್ತ್ರೀವಾದಕ್ಕೂ ಏನು ಸಂಬಂಧ?

ಸಂಬಂಧ ಜಾಸ್ತಿನೇ ಇದೆ. ಎಲ್ಲ ಸ್ತ್ರೀವಾದಿಗಳ ಪರವಾಗಿ ನಾನು ಮಾತಾಡಲಾರೆ, ನನಗೆ ಕಂಡಿದ್ದು ಹೇಳುತ್ತೇನೆ. ಹಿಂದೆ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡಿದ್ದೇನೆ. ಈಗ ಕೆಲಸಕ್ಕೆಂದು ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲೇ ಹೋಗಿ ಬರುತ್ತೇನೆ. ಹಾಗಾಗಿ ಆ ವಿಡಿಯೋಗಳು ಸುದ್ದಿಯಾಗುವ ಬಗೆಯೂ ಗೊತ್ತು, ಬಸ್ಸಿನೊಳಗೆ ಏನು ನಡೆಯುತ್ತದೆ ಎನ್ನುವುದೂ ಗೊತ್ತು.

ಯೋಜನೆ ಶುರುವಾಗಿದ್ದು 2023ರ ಜೂನ್ 11ರಂದು. ಕರ್ನಾಟಕದ ಹೆಣ್ಣುಮಕ್ಕಳು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ದುಡ್ಡಿಲ್ಲದೆ ಓಡಾಡಬಹುದು. ಎಸಿ ಬಸ್ಸು, ರಾಜಹಂಸ, ಸ್ಲೀಪರ್ ಇದರಲ್ಲಿ ಸೇರಿಲ್ಲ. 2025ರ ಜುಲೈ ಹೊತ್ತಿಗೆ ಇಂಥ ಪ್ರಯಾಣಗಳ ಲೆಕ್ಕ 500 ಕೋಟಿ ದಾಟಿತು. ಈಗ ಯೋಚಿಸಿ, 500 ಕೋಟಿ ಪ್ರಯಾಣಗಳಲ್ಲಿ ನಿಮ್ಮ ಮೊಬೈಲಿಗೆ ಬಂದ ಜಗಳ ಎಷ್ಟು?

ಜಗಳ ನಡೆದೇ ಇಲ್ಲ ಅಂತ ನಾನು ಹೇಳುವುದಿಲ್ಲ. ನಡೆದಿದೆ. ಮೊದಲ ವಾರಗಳಲ್ಲಿ ಧರ್ಮಸ್ಥಳ, ಮಲೆ ಮಹದೇಶ್ವರ ಬೆಟ್ಟದ ಬಸ್ಸುಗಳಿಗೆ ಜನ ಮುಗಿಬಿದ್ದರು, ತಳ್ಳಾಟವಾಯಿತು. ಆದರೆ ಜನ ದಿಢೀರ್ ಹೆಚ್ಚಾಗಿ ಬಸ್ಸು ಅಷ್ಟೇ ಇದ್ದರೆ ಯಾರಿದ್ದರೂ ತಳ್ಳಾಟವಾಗುತ್ತದೆ. ಗಂಡಸರು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು, ಆಮೇಲೆ ಆ ಟವೆಲ್ ವಿಚಾರಕ್ಕೇ ಕಾಲರ್ ಹಿಡಿಯುವುದನ್ನು ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ನೋಡದವರು ಯಾರಿದ್ದಾರೆ? ಅದು ಯಾವತ್ತೂ ಗಂಡಸರ ಬಗೆಗಿನ ಸುದ್ದಿ ಆಗಲಿಲ್ಲ. 'ರಶ್ ಇತ್ತು' ಎನ್ನುವಲ್ಲಿಗೆ ಮುಗಿಯಿತು. ಅದೇ ಹೆಂಗಸರು ಮಾಡಿದಾಗ 'ಹೆಂಗಸರಂದ್ರೆ ಹಿಂಗೇ' ಎಂದಾಯಿತು.

ಡೆಸ್ಕಿನಲ್ಲಿದ್ದವರಿಗೆ ಇದರ ಒಳಗುಟ್ಟು ಗೊತ್ತಿರುತ್ತದೆ. ಜಗಳದ ವಿಡಿಯೋ ಖರ್ಚಿಲ್ಲದೆ ಬರುತ್ತದೆ. ಯಾರೋ ಮೊಬೈಲಿನಲ್ಲಿ ತೆಗೆದಿರುತ್ತಾರೆ, ವರದಿಗಾರ ಹೋಗಬೇಕಾಗಿಲ್ಲ, ಹೆಸರು ಬೇಡ, ಊರು ಬೇಡ. ತಲೆಬರಹವನ್ನಂತೂ ಕಣ್ಣು ಮುಚ್ಚಿ ಬರೆಯಬಹುದು. ಬೆಳಿಗ್ಗೆ ಆರೂವರೆಯ ಬಸ್ಸಿನಲ್ಲಿ ಆಸ್ಪತ್ರೆಯ ಕಸ ಗುಡಿಸಲು ಹೋಗುವ ನಲವತ್ತು ಜನ ಹೆಂಗಸರ ಬಗ್ಗೆ ಬರೆಯಬೇಕೆಂದರೆ ಯಾರಾದರೂ ಆ ಬಸ್ಸು ಹತ್ತಬೇಕು. ಅವರ ಜೊತೆ ಮಾತಾಡಬೇಕು.

ನನಗೆ ಜಗಳದ ವಿಡಿಯೋಗಿಂತ ಹೆಚ್ಚು ಸಿಟ್ಟು ಬಂದಿದ್ದು ಮೈಕು ಹಿಡಿದವರ ಒಂದು ಪ್ರಶ್ನೆಯಿಂದ: 'ಎಲ್ಲಿಗೆ ಹೊರಟ್ರಿ ಅಮ್ಮಾ?' ಬಸ್‌ಸ್ಟ್ಯಾಂಡಿನಲ್ಲಿ ನಿಂತ ಗಂಡಸಿಗೆ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಅವನು ಎಲ್ಲಿಗಾದರೂ ಹೋಗಬಹುದು, ಸುಮ್ನೆ ಪೇಟೆ ಸುತ್ತಿ ಬರಬಹುದು. ಹೆಂಗಸು ಮಾತ್ರ ಕಾರಣ ಕೊಡಬೇಕು. ಆ ಕಾರಣ ದೇವಸ್ಥಾನವಾದರೆ 'ಪುಗಸಟ್ಟೆ ಅಂತ ತಿರುಗಾಟ', ತವರುಮನೆಯಾದರೆ 'ಮನೆ ಬಿಟ್ಟು ತಿರುಗಾಟ'. ಕೆಲಸಕ್ಕೆ ಹೊರಟಿದ್ದೇನೆ ಎಂದವರ ಮಾತನ್ನು ಟಿವಿಯಲ್ಲಿ ಬಳಸುವುದೇ ಅಪರೂಪ.

ಕೇಂದ್ರ ಸರ್ಕಾರವೇ ನಡೆಸಿದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಅಡುಗೆ, ಪಾತ್ರೆ, ಬಟ್ಟೆಯಂಥ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅದೂ ಗಂಡಸರಲ್ಲಿ ಆ ಕೆಲಸ ಮಾಡುವವರ ಸರಾಸರಿ ಇದು, ಮಾಡದೇ ಇರುವವರು ಲೆಕ್ಕದಲ್ಲೇ ಇಲ್ಲ. ವಾರಕ್ಕೆ ಒಂದು ರಜೆಯೂ ಇಲ್ಲದ ಕೆಲಸ. ಅಂಥವಳು ಒಂದು ದಿನ ಮಹದೇಶ್ವರ ಬೆಟ್ಟಕ್ಕೆ ಹೋದರೆ ಯಾರ ಗಂಟು ಹೋಯಿತು? ಹಳ್ಳಿಯ ಎಷ್ಟೋ ಹೆಂಗಸರಿಗೆ ಯಾರಿಗೂ ಉತ್ತರ ಕೊಡದೆ ಹೋಗಬಹುದಾದ ಜಾಗ ದೇವಸ್ಥಾನ ಒಂದೇ. ಸಿನಿಮಾಕ್ಕೆ ಹೋಗ್ತೀನಿ, ಗೆಳತಿ ಮನೆಗೆ ಹೋಗ್ತೀನಿ ಅಂತ ಹೇಳುವ ಹಾಗಿಲ್ಲವಲ್ಲ. ಅದಕ್ಕೇ ಬಸ್ಸು ಬಿಟ್ಟಿಯಾದ ಕೂಡಲೇ ಅವರು ಹೋಗಿದ್ದು ಅಲ್ಲಿಗೆ. ಭಕ್ತಿ ಇತ್ತು, ಅದರ ಜೊತೆಗೆ ನಾಲ್ಕು ಜನ ಹೆಂಗಸರು ಬುತ್ತಿ ಕಟ್ಟಿಕೊಂಡು ತಮ್ಮಷ್ಟಕ್ಕೆ ಹೊರಡುವ ಸಂತೋಷವೂ ಇತ್ತು. ಆ ಸಂತೋಷವನ್ನು ಒಂದು ಹಕ್ಕು ಎಂದು ನೋಡುವುದನ್ನೇ ನಾನು ಸ್ತ್ರೀವಾದ ಎನ್ನುತ್ತೇನೆ.

ನಮ್ಮ ಬಸ್ಸಿನಲ್ಲಿ ನನ್ನ ಜೊತೆ ಕೂರುವವರಲ್ಲಿ ಹೂ ಮಾರುವವರಿದ್ದಾರೆ, ನರ್ಸಿಂಗ್ ಓದುವ ಹುಡುಗಿಯರಿದ್ದಾರೆ, ಮನೆಗೆಲಸಕ್ಕೆ ಹೋಗುವವರಿದ್ದಾರೆ. ಹೂ ಮಾರುವ ಅಕ್ಕ ಒಬ್ಬರು ಒಂದು ಮಾತು ಹೇಳಿದ್ದರು. ಮೊದಲು ಅಣ್ಣನ ಮನೆಗೆ ಹೋಗಬೇಕಾದರೆ ಮಗನ ಹತ್ತಿರ ಚಾರ್ಜಿಗೆ ಕೇಳಬೇಕಿತ್ತಂತೆ, ಅವನು ಕೊಡುವಾಗ ಯಾಕೆ ಏನು ಎಂದು ಕೇಳುತ್ತಿದ್ದನಂತೆ. ಈಗ ಆಧಾರ್ ಕಾರ್ಡು ತೆಗೆದುಕೊಂಡು ಹೊರಡುತ್ತಾರೆ. ಉಳಿಯುವ ದುಡ್ಡಿನ ಲೆಕ್ಕ ಒಂದು ಕಡೆ ಇರಲಿ. ಕೇಳುವುದು ತಪ್ಪಿತಲ್ಲ, ಅದನ್ನು ಯಾವ ಚಾನೆಲ್ಲೂ ತೋರಿಸಲಿಲ್ಲ.

ಇನ್ನು ರಾಜಕೀಯ. 2024ರ ಲೋಕಸಭೆ ಚುನಾವಣೆಯ ಹೊತ್ತಿನ ಎರಡು ಮಾತು ನಿಮಗೆ ನೆನಪಿರಬಹುದು. ದಾವಣಗೆರೆಯಲ್ಲಿ ಕಾಂಗ್ರೆಸ್ಸಿನ ಹಿರಿಯ ಶಾಸಕ ಶಾಮನೂರು ಶಿವಶಂಕರಪ್ಪನವರು ಬಿಜೆಪಿ ಅಭ್ಯರ್ಥಿ ಗಾಯತ್ರಿ ಸಿದ್ದೇಶ್ವರ ಅವರನ್ನು ಅಡುಗೆ ಮಾಡೋಕಷ್ಟೇ ಲಾಯಕ್ಕು ಎಂಬರ್ಥದಲ್ಲಿ ಹೀಯಾಳಿಸಿದರು. ಎದುರಿಗಿದ್ದ ಕಾಂಗ್ರೆಸ್ ಅಭ್ಯರ್ಥಿ ಪ್ರಭಾ ಮಲ್ಲಿಕಾರ್ಜುನ್ ಶಾಮನೂರರ ಸ್ವಂತ ಸೊಸೆ, ಗೆದ್ದವರೂ ಪ್ರಭಾ ಅವರೇ. ತುಮಕೂರು ಜಿಲ್ಲೆಯಲ್ಲಿ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿಯವರು ಶಕ್ತಿಯಂಥ ಸರ್ಕಾರದ ಗ್ಯಾರಂಟಿ ಯೋಜನೆಗಳಿಂದ ಹಳ್ಳಿಯ ತಾಯಂದಿರು ದಾರಿ ತಪ್ಪಿದ್ದಾರೆ ಎಂಬರ್ಥದಲ್ಲಿ ಮಾತಾಡಿದರು. ಗದ್ದಲವಾದ ಮೇಲೆ ವಿಷಾದ ಹೇಳಿದರು. ಪಕ್ಷ ಬೇರೆ ಬೇರೆ, ಆದರೆ ಎರಡೂ ಮಾತಿನ ಹಿಂದಿರುವ ಲೆಕ್ಕ ಒಂದೇ: ಹೆಂಗಸಿನ ಜಾಗ ಮನೆ, ಹೊಸ್ತಿಲು ದಾಟಿದರೆ ಅನುಮಾನ. ಬಸ್ಸಿನ ವಿಡಿಯೋ ನೋಡಿ ನಗುವವರ ಮನಸ್ಸಿನಲ್ಲೂ ಇರುವುದು ಅದೇ ಲೆಕ್ಕ.

ಹೆಂಗಸರ ವೋಟು ಬೇಕು, ಹೆಂಗಸರಿಗೆ ಚುನಾವಣೆಯ ಟಿಕೆಟ್ ಬೇಡ. 2023ರಲ್ಲಿ ನಮ್ಮ ವಿಧಾನಸಭೆಯ 224 ಸ್ಥಾನಗಳಿಗೆ ಗೆದ್ದು ಬಂದ ಮಹಿಳೆಯರು 10. ಆಗ ರಚನೆಯಾದ ಸಂಪುಟದಲ್ಲಿ ಒಬ್ಬರೇ ಮಹಿಳೆ, ಲಕ್ಷ್ಮೀ ಹೆಬ್ಬಾಳ್ಕರ್. ಅವರಿಗೆ ಕೊಟ್ಟಿದ್ದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆ. 2024ರಲ್ಲಿ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ ಮೂವರು ಗೆದ್ದರು. ಗ್ರಾಮ ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲಾಗಿ ಎಷ್ಟೋ ವರ್ಷವಾಯಿತು. ಅಲ್ಲಿ ಆಗುವುದು ವಿಧಾನಸೌಧದಲ್ಲಿ ಯಾಕೆ ಆಗುವುದಿಲ್ಲ? 2023ರಲ್ಲಿ ಸಂಸತ್ತು ಮೂರನೇ ಒಂದು ಭಾಗ ಮೀಸಲಾತಿಯ ಕಾಯಿದೆ ಮಾಡಿತು, ಆದರೆ ಅದನ್ನು ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಗೆ ಕಟ್ಟಿಹಾಕಿ ಮಾಡಿತು.

ಹಾಗಂತ ನಾನು ಸರ್ಕಾರದ ಹೊಗಳುಭಟ್ಟಳಲ್ಲ. ಶಕ್ತಿ ಯೋಜನೆಯಲ್ಲಿ ಕೊರತೆ ಬೇಕಾದಷ್ಟಿದೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಬೀಡಿ ಕಟ್ಟುವ ಹೆಂಗಸು ಇವತ್ತಿಗೂ ದುಡ್ಡು ಕೊಟ್ಟೇ ಹತ್ತಬೇಕು. ದಿನಕ್ಕೆ ಎರಡೇ ಬಸ್ಸು ಬರುವ ಹಳ್ಳಿಯ ಹುಡುಗಿಗೆ ಬಿಟ್ಟಿ ಟಿಕೆಟ್ಟಿನಿಂದ ಕಾಲೇಜು ಹತ್ತಿರವಾಗುವುದಿಲ್ಲ, ಮೂರನೇ ಬಸ್ಸು ಬೇಕು. ತುಂಬಿದ ಬಸ್ಸಿನಲ್ಲಿ ಫುಟ್‌ಬೋರ್ಡಿನ ಮೇಲೆ ನೇತಾಡುವ ಮಕ್ಕಳು, ಒಂದೊಂದೇ ಆಧಾರ್ ನೋಡಿ ಶೂನ್ಯ ಟಿಕೆಟ್ ಹರಿಯುವ ಕಂಡಕ್ಟರ್, ಇವರ ಕಷ್ಟ ನಿಜವಾದದ್ದು. ಇದನ್ನೆಲ್ಲ ಬರೆಯಬೇಕಿತ್ತು. ಬರೆಯುವ ಬದಲು ಹೆಂಗಸರನ್ನು ನೋಡಿ ನಕ್ಕರು. ಮನೆಯ ಯಜಮಾನಿಗೆ ತಿಂಗಳಿಗೆ ಕೊಡುವ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯಲ್ಲೂ ಹಾಗೇ ಆಯಿತು. ಮನೆಗೆ ಒಬ್ಬ ಯಜಮಾನಿಗೆ ಮಾತ್ರ ಎಂದು ನಿಯಮ ಮಾಡಿದವರು ಸರ್ಕಾರದವರು. ಚಾನೆಲ್ಲುಗಳು ಚರ್ಚೆ ಮಾಡಿದ್ದು ಅತ್ತೆ–ಸೊಸೆ ಜಗಳದ ಬಗ್ಗೆ.

ಇದು ಹೊಸದಲ್ಲ. 2016ರ ಏಪ್ರಿಲ್ 18ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಜನ ಹೊಸೂರು ರಸ್ತೆಗೆ ಇಳಿದಿದ್ದರು. ಮಾಲೀಕರು ಕಟ್ಟುವ ಪಾಲಿನ ಪಿಎಫ್ ದುಡ್ಡನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಹೊಸ ನಿಯಮ ತಂದಿತ್ತು. ಗಾರ್ಮೆಂಟ್ಸಿನಲ್ಲಿ 58ರವರೆಗೆ ಮೈಯಲ್ಲಿ ಕಸುವು ಯಾರಿಗೆ ಉಳಿಯುತ್ತದೆ? ಕೆಲಸ ಬಿಟ್ಟಾಗ ಕೈಗೆ ಸಿಗುವ ಆ ದುಡ್ಡೇ ಮಗಳ ಮದುವೆ, ಅದೇ ಸಾಲ ತೀರಿಸುವ ದಾರಿ. ಅವರ ಹಿಂದೆ ದೊಡ್ಡ ನಾಯಕರು ಯಾರೂ ಇರಲಿಲ್ಲ. ಮರುದಿನವೇ ಕೇಂದ್ರ ಆ ನಿಯಮ ವಾಪಸ್ ತೆಗೆದುಕೊಂಡಿತು. ದೇಶದ ಎಲ್ಲ ಕಾರ್ಮಿಕರಿಗೂ, ಗಂಡಸರಿಗೂ, ಅದರ ಲಾಭ ಸಿಕ್ಕಿತು. ಆ ಎರಡು ದಿನದ ಬಗ್ಗೆ ಈಗ ಯಾರನ್ನಾದರೂ ಕೇಳಿ ನೋಡಿ. ಹೆಚ್ಚಿನವರಿಗೆ ನೆನಪಿರುವುದು ಟ್ರಾಫಿಕ್ ಜಾಮ್ ಮತ್ತು ಸುಟ್ಟ ಬಸ್ಸು. ನಮಗೆ ತೋರಿಸಿದ್ದು ಅದನ್ನೇ ಅಲ್ವಾ?

ಪ್ರಶ್ನೆಯ ಕೆಳಗೆ ನೀವು ಇನ್ನೊಂದು ಮಾತು ಸೇರಿಸಿದ್ದೀರಿ, ಇದರಿಂದ ಗಂಡಸರಿಗೆ ಅನ್ಯಾಯ ಆಗಲಿಲ್ಲವೇ ಎಂದು. ಬೆಂಗಳೂರು ನಗರದ ಬಿಎಂಟಿಸಿ ಬಿಟ್ಟು ಉಳಿದ ಮೂರು ನಿಗಮಗಳ ಬಸ್ಸುಗಳಲ್ಲಿ ಅರ್ಧ ಸೀಟು ಗಂಡಸರಿಗೆ ಎಂದು ಆದೇಶದಲ್ಲೇ ಇದೆ. ಅದು ಪಾಲನೆ ಆಗುತ್ತಿಲ್ಲ ಎಂದರೆ ಡಿಪೋದವರನ್ನು ಕೇಳಿ, ಬಸ್ಸು ಜಾಸ್ತಿ ಬಿಡಿ ಎಂದು ಅರ್ಜಿ ಕೊಡಿ. ನಮ್ಮ ಮಾರ್ಗದವರು ಅಂಥ ಅರ್ಜಿ ಬರೆದರೆ ನಾನೂ ಸಹಿ ಹಾಕುತ್ತೇನೆ, ನನ್ನ ಪಕ್ಕ ಕೂರುವ ಹೂವಿನ ಅಕ್ಕನೂ ಹಾಕುತ್ತಾರೆ. ನಿಂತು ಹೋಗುವ ಕಷ್ಟ ಅವರಿಗೂ ಇದೆ.