ಕನ್ನಡವಷ್ಟೇ ಓದಬಲ್ಲ ತಾಯಿಯವರಿಗೆ ಒಂದು ಒಗಟಿನ ಆಟ

ಕೊಪ್ಪಳದಲ್ಲಿರುವ, ಕನ್ನಡವಷ್ಟೇ ಓದಬಲ್ಲ ನಿಮ್ಮ ತಾಯಿಯವರು ಬಿಸಿಲಿನ ಮಧ್ಯಾಹ್ನಗಳಲ್ಲಿ ಮೊಬೈಲಿನಲ್ಲಿ ಗಡಿಬಿಡಿಯಿಲ್ಲದೆ ಆಡಬಹುದಾದ ಒಗಟಿನ ಆಟ ಯಾವುದೆಂದು ಕೇಳಿದ್ದೀರಿ. ನಾನು ಹಿಂಜರಿಯದೆ ಹೇಳುವ ಹೆಸರು ‘ಗೊರೊಗೋವಾ’. ಜೇಸನ್ ರಾಬರ್ಟ್ಸ್ ಎಂಬ ಕಲಾವಿದರು ವರ್ಷಗಟ್ಟಲೆ ಕೈಯಿಂದಲೇ ಚಿತ್ರ ಬಿಡಿಸಿ ರೂಪಿಸಿದ ಈ ಆಟ 2017ರಲ್ಲಿ ಹೊರಬಂತು. ಕಥೆಯಲ್ಲಿ ಒಂದೂ ಮಾತಿಲ್ಲದಿರುವುದರಿಂದ ಭಾಷೆ ಅಡ್ಡಬರುವುದಿಲ್ಲ.

ಪರದೆಯ ಮೇಲೆ ನಾಲ್ಕು ಚೌಕಗಳಿರುತ್ತವೆ. ಒಂದು ಚಿತ್ರದಲ್ಲಿರುವ ಬಾಗಿಲಿನ ಚೌಕಟ್ಟನ್ನಷ್ಟೇ ಎತ್ತಿ ಇನ್ನೊಂದು ಚಿತ್ರದ ಮೇಲಿಟ್ಟರೆ, ಕಥೆಯ ಹುಡುಗ ಆ ಬಾಗಿಲನ್ನು ದಾಟಿ ಬೇರೊಂದು ಜಾಗಕ್ಕೇ ಕಾಲಿಡುತ್ತಾನೆ. ಆರಂಭದಲ್ಲೇ ಕಾಗೆಯೊಂದು ಕೊಂಬೆಯ ಮೇಲೆ ಕೂತಾಗ ಉದುರುವ ಕೆಂಪು ಹಣ್ಣು, ಚೌಕದ ಗಡಿಯನ್ನು ಮೀರಿ, ಕೆಳಗಿನ ಚಿತ್ರದಲ್ಲಿರುವ ಬಟ್ಟಲಿಗೆ ಬೀಳುತ್ತದೆ; ಅದನ್ನು ನೋಡಿದಾಗ ಆಗುವ ಬೆರಗನ್ನು ಬೇರೆ ಯಾವ ಆಟವೂ ನನಗೆ ಕೊಟ್ಟಿಲ್ಲ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಮರದ ಬೊಂಬೆಗಳನ್ನು ಮಾಡಿ ಬಣ್ಣ ಹಚ್ಚುವ ಚಿತ್ರಗಾರರ ಕುಸುರಿಯನ್ನು ಹತ್ತಿರದಿಂದ ಕಂಡವರಿಗೆ ಇಲ್ಲಿನ ಗೆರೆಗಳೂ ಬಣ್ಣಗಳೂ ಖಂಡಿತ ಹಿಡಿಸುತ್ತವೆ.

ಇದರಲ್ಲಿ ಗಡುವಿಲ್ಲ, ಅಂಕಗಳಿಲ್ಲ, ಸೋಲೂ ಇಲ್ಲ. ಹಣ ಕೊಟ್ಟು ಕೊಳ್ಳಬೇಕಾದ, ಕೆಲವೇ ಗಂಟೆಗಳಲ್ಲಿ ಮುಗಿಯುವ ಆಟವಿದು. ಮೊದಲ ಚೌಕವನ್ನು ಸರಿಸುವುದು ಹೇಗೆಂದು ತೋರಿಸಿಕೊಡಿ. ಉತ್ತರಗಳನ್ನು ಮಾತ್ರ ದಯವಿಟ್ಟು ಹೇಳಬೇಡಿ.